ಫೋಟೋದವರು ಸಿನಿಮಾಕ್ಕೆ ಕಥೆ ಹುಡುಕಿದ್ದು

ಸಿನಿಮಾ ತೆಗೆಯೋದು ಬಹಳ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ತೆಗೆಯೋದು ಅಂಥ ಕಷ್ಟವಲ್ಲ. ಯಾವುದರ ಮೇಲೆ ತೆಗೆಯೋದು ಅಂತ ತೀರ್ಮಾನ ಮಾಡಲು ಕೂತಾಗಲೇ ಎಡವಟ್ಟುಗಳೆಲ್ಲ ಆಗುವುದು. ನಾನೂ ನಮ್ಮ ಫೋಟೋದವರೂ ಹಾಗೆ ಕೂತಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ಆಗ ನಾನು ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಾವಿದ್ದದ್ದು ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ. ಬೀದಿಯ ಬಾಯಲ್ಲೇ ಫೋಟೋದವರ ಸ್ಟುಡಿಯೋ, ಹಿಂಭಾಗದಲ್ಲಿ ಅವರ ಮನೆ. ಸ್ವಾತಂತ್ರ್ಯ ಬಂದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟ ಒಬ್ಬ ಬ್ರಿಟಿಷ್ ದೊರೆ ತನ್ನ ಪುಟ್ಟ ಸಿನಿಮಾ ಕ್ಯಾಮೆರಾ, ಪರದೆಗೆ ಚಿತ್ರ ಬಿಡುವ ಯಂತ್ರ ಮತ್ತು ಐದು ಡಬ್ಬಿ ರೀಲನ್ನು ಇವರಿಗೆ ಮಾರಿ ಹೋದ. ಮಾತು ಕೇಳಿಸುವ ಕ್ಯಾಮೆರಾ ಅಲ್ಲ, ಬರೀ ಮೂಕಿ.

"ಮೇಷ್ಟ್ರೇ," ಎಂದರು ಫೋಟೋದವರು, "ಇಪ್ಪತ್ತು ವರ್ಷ ಬೇರೆಯವರು ಹೇಳಿದ ಹಾಗೆ ಹಿಡಿದೆ. ತಾತನ್ನ ನಡುವೆ ಕೂರಿಸಿ ಅಂದರು, ಕೂರಿಸಿದೆ. ಸೊಸೆ ಹಲ್ಲು ಕಾಣಬಾರದು ಅಂದರು, ಬಾಯಿ ಮುಚ್ಚಿಸಿದೆ. ಈ ಐದು ಡಬ್ಬಿ ಮಾತ್ರ ನನ್ನವು. ಇದರಲ್ಲಿ ಏನು ತೆಗೀಬೇಕು ಅಂತ ಯಾರನ್ನೂ ಕೇಳೋಲ್ಲ."

ಹೀಗೆಂದು ಒಂದು ಗುಟುಕು ಕಾಫಿ ಕುಡಿದು, "ಏನು ತೆಗೆಯೋಣ ಹೇಳಿ," ಎಂದು ನನ್ನನ್ನು ಕೇಳಿದರು.

ಶಾಪ

ಕನ್ನಡ ಮೇಷ್ಟ್ರಲ್ಲವೇ, ನಾನು ಋಷಿಯ ಕಥೆಯೊಂದನ್ನು ಕಟ್ಟಿಕೊಟ್ಟೆ. ಬೇಟೆಗೆ ಬಂದ ರಾಜ ಋಷಿಯನ್ನು ಹೀಯಾಳಿಸುತ್ತಾನೆ, ಋಷಿ ಸಿಟ್ಟಿಗೆದ್ದು ಶಾಪ ಕೊಡುತ್ತಾನೆ. ಜವಳಿ ಅಂಗಡಿಯ ಗುಮಾಸ್ತನೊಬ್ಬ ರಾಜನಾದ. ನಮ್ಮ ಬೀದಿಯ ಪುರೋಹಿತರು ಸೆಣಬಿನ ಗಡ್ಡ ಕಟ್ಟಿಕೊಂಡು ಋಷಿಯಾದರು. ಚಾಮುಂಡಿಬೆಟ್ಟದ ತಪ್ಪಲಲ್ಲಿ ಎಲ್ಲ ಸಿದ್ಧವಾಯಿತು. ಶಾಪದ ಹೊತ್ತು ಬಂತು. ಪುರೋಹಿತರು ಕಮಂಡಲ ಕೆಳಗಿಟ್ಟುಬಿಟ್ಟರು.

"ನಾನು ಶಾಪ ಕೊಡೋಲ್ಲ."

"ಇದು ಮೂಕಿ, ಸ್ವಾಮಿ. ನೀವು ಏನಂದರೂ ಯಾರಿಗೂ ಕೇಳಿಸೋಲ್ಲ," ಎಂದರು ಫೋಟೋದವರು.

"ಜನಕ್ಕೆ ಕೇಳಿಸೋಲ್ಲ, ದೇವರಿಗೆ ಕೇಳಿಸುತ್ತಲ್ಲ. ಬೆಳಿಗ್ಗೆ ಮೂರು ಮನೇಲಿ ಆಶೀರ್ವಾದ ಮಾಡಿ ಬಂದಿರೋ ಬಾಯಿ ಇದು. ಫಲಿಸಿಬಿಟ್ಟರೆ ಏನು ಮಾಡ್ತೀರಿ?"

ಇದನ್ನು ಕೇಳಿ ರಾಜನ ಮುಖ ಬಿಳಿಚಿಕೊಂಡಿತು. ಹಿಂದಿನ ವಾರವಷ್ಟೇ ಅವನಿಗೆ ಮದುವೆ ಗೊತ್ತಾಗಿತ್ತು. ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನನಗೆ ಬೇಡ ಸಾರ್," ಎಂದ.

ಕೊನೆಗೆ ರಾಜಿಯಾಯಿತು. ಕಣ್ಣಿನಲ್ಲಿ ಸಿಟ್ಟು, ಬಾಯಲ್ಲಿ ಆಶೀರ್ವಾದ. ಪುರೋಹಿತರು ಕೆಂಗಣ್ಣು ಬಿಟ್ಟು, ಕೈಯೆತ್ತಿ, "ಪುತ್ರಪೌತ್ರಾಭಿವೃದ್ಧಿರಸ್ತು" ಎಂದು ಅಬ್ಬರಿಸಿದರು. ಗಡ್ಡ ಬಿತ್ತು. ಮತ್ತೆ ಅಬ್ಬರಿಸಿದರು. ಮತ್ತೆ ಬಿತ್ತು. ಹೀಗೆ ಆರೇಳು ಸಲವಾಗಿ ಎರಡು ಡಬ್ಬಿ ಖಾಲಿಯಾಯಿತು. ಬೊಂಬಾಯಿಗೆ ಕಳಿಸಿ ತೊಳೆಸಿ ತರಿಸಿ ನೋಡಿದರೆ, ಋಷಿಯ ಸಿಟ್ಟೇನೋ ಅದ್ಭುತವಾಗಿ ಬಂದಿತ್ತು. ರಾಜ ಮಾತ್ರ ಪ್ರತಿ ಸಲವೂ ಕೈಮುಗಿದುಕೊಂಡು ಸಂತೋಷವಾಗಿ ತಲೆಬಾಗಿದ್ದ. ಕಥೆ ಅಲ್ಲಿಗೇ ಮುಗಿಯಿತು.

ಎಷ್ಟೋ ವರ್ಷದ ಮೇಲೆ ಆ ಗುಮಾಸ್ತ ದೇವರಾಜ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಕಂಕುಳಲ್ಲಿ ಒಂದು ಕೂಸು, ಎರಡು ಕೈಗೂ ಎರಡು, ಹಿಂದೆ ಸಾಲಾಗಿ ನಾಲ್ಕು.

"ಮೇಷ್ಟ್ರೇ," ಎಂದ, "ಅವತ್ತು ಶಾಪಾನೇ ಕೊಡಿಸಿಬಿಡಬೇಕಿತ್ತು ನೀವು."

ಬಡವರು ಬೇಕಾಗಿದ್ದಾರೆ

ಋಷಿಗಳ ಸಹವಾಸ ಸಾಕೆನಿಸಿತು ಫೋಟೋದವರಿಗೆ. "ಈಗ ಕಾಲ ಬದಲಾಗಿದೆ ಮೇಷ್ಟ್ರೇ. ಬಡವರ ಜೀವನ ತೋರಿಸಬೇಕು," ಎಂದರು. ಇಬ್ಬರೂ ಜಟಕಾ ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಗೋಣಿಚೀಲ ಹೊದ್ದು ಬೀಡಿ ಸೇದುತ್ತಾ ಕೂತಿದ್ದ ಒಬ್ಬ ಮುದುಕನನ್ನು ಕಂಡು ಫೋಟೋದವರ ಕಣ್ಣು ಅರಳಿತು. ಹತ್ತಿರ ಹೋಗಿ, ನಿನ್ನ ಮನೆ, ನಿನ್ನ ಊಟ, ನಿನ್ನ ಕಷ್ಟಸುಖ ಎಲ್ಲ ಸಿನಿಮಾದಲ್ಲಿ ತೋರಿಸುತ್ತೇವೆ ಎಂದು ವಿವರಿಸಿದರು.

ಜಟಕಾದವನು ಬೀಡಿ ಆರಿಸಿದ. "ಯಾಕೆ ಬುದ್ಧಿ, ನಮ್ಮನೇನೇ ಯಾಕೆ?"

ಫೋಟೋದವರು ಸಂಕೋಚದಿಂದ, "ಬಡವರ ಕಥೆ ಕಣಪ್ಪ," ಎಂದರು.

"ಅಂಗಾ. ನೋಡಿ ಬುದ್ಧಿ, ನಂಗೆ ಕುದ್ರೆ ಅದೆ, ಮನೇಲಿ ಎರಡು ಎಮ್ಮೆ ಅವೆ, ಊರಲ್ಲಿ ಒಂದಿಷ್ಟು ಗದ್ದೆ ಅದೆ. ಚಳಿ ಅಂತ ಗೋಣಿ ಹೊದ್ಕೊಂಡಿವ್ನಿ." ಆಮೇಲೆ ನನ್ನ ಕಡೆ ತಿರುಗಿ ನನ್ನ ಚಪ್ಪಲಿಯಿಂದ ಹಿಡಿದು ಕೋಟಿನ ಮೊಣಕೈ ತೇಪೆಯವರೆಗೆ ನಿಧಾನವಾಗಿ ನೋಡಿದ. "ಇವ್ರು ಇಸ್ಕೂಲ್ ಮೇಷ್ಟ್ರು ಅಲ್ವಾ? ದೂರ ಯಾಕೆ ಅಲೀತೀರಿ, ಇವ್ರನ್ನೇ ಇಡ್ಕೊಳಿ."

ನಾನು ನಗುತ್ತಾ ಫೋಟೋದವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ, ನನ್ನ ತೇಪೆಯ ಮೇಲೆ ಬೆಳಕು ಹೇಗೆ ಬೀಳುತ್ತಿದೆ ಎಂದು ಅಂದಾಜು ಮಾಡುತ್ತಿದ್ದರು.

ಕಿಟಕಿಯಲ್ಲಿ ಒಂದು ಕೈ

ಅಲ್ಲಿಂದ ಪ್ರೇಮಕಥೆಗೆ ಬಂದೆವು. ನಾಯಕಿ ಯಾರು? ಯಾವ ಮನೆಯ ಹೆಣ್ಣುಮಗಳೂ ಒಪ್ಪುವ ಕಾಲವಲ್ಲ ಅದು. ಫೋಟೋದವರೇ ಒಂದು ಉಪಾಯ ಹುಡುಕಿದರು. ನಾಯಕಿಯ ಮುಖ ಕಾಣುವುದೇ ಬೇಡ. ಕಿಟಕಿಯಲ್ಲಿ ಬಳೆ ತೊಟ್ಟ ಒಂದು ಕೈ, ಅದು ಬೀಳಿಸುವ ಒಂದು ಹೂವು, ಕೆಳಗೆ ಕಾಯುವ ನಾಯಕ. ಅವರ ಹೆಂಡತಿಯನ್ನು ಬೇಡಿಕೊಂಡೆವು. ಆಕೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, "ಬಲಗೈ ಬಿಡುವಿಲ್ಲ. ಎಡಗೈ ಬೇಕಾದರೆ ತಗೊಳ್ಳಿ," ಎಂದರು.

ಎರಡು ಡಬ್ಬಿ ರೀಲಿನಲ್ಲಿ ಚಿತ್ರ ಚೆನ್ನಾಗಿಯೇ ಬಂತು. ಫೋಟೋದವರಿಗೆ ಹಿಗ್ಗೋ ಹಿಗ್ಗು. ಅರಮನೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಮಾವನವರನ್ನೂ ಕರೆಸಿ, ಸ್ಟುಡಿಯೋ ಗೋಡೆಯ ಮೇಲೆ ಬಿಟ್ಟು ತೋರಿಸಿದರು. ಮಾವನವರು ರುಮಾಲು ಸುತ್ತಿಕೊಂಡು ಅಲ್ಲಾಡದೆ ಕೂತು ನೋಡಿದರು. ಚಿತ್ರ ಮುಗಿಯಿತು.

"ಹೇಗಿದೆ ಮಾವ?" ಎಂದು ಕೇಳಿದರು ಫೋಟೋದವರು.

"ಅದು ನನ್ನ ಮಗಳ ಕೈ."

"ಅದು... ಬರೀ ಕೈ ಮಾವ. ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ?"

"ಧಾರೆ ಎರೆದವನು ನಾನು. ನನಗೆ ಗೊತ್ತಾಗೋಲ್ಲವೇ?" ಮಾವನವರು ಎದ್ದು ಕೋಲು ಹಿಡಿದರು. "ಅಳಿಯಂದಿರೇ, ಆ ಕೈಯನ್ನ ನಿಮಗೆ ಹಿಡಿಯೋಕೆ ಅಂತ ಕೊಟ್ಟೆ. ಊರಿಗೆಲ್ಲ ತೋರಿಸೋಕೆ ಅಲ್ಲ."

ಆ ರೀಲು ಟ್ರಂಕಿನ ತಳ ಸೇರಿತು.

ನಲ್ಲಿ

ಇದಾದ ಮೇಲೆ ಫೋಟೋದವರು ಕುಗ್ಗಿಹೋದರು. ಉಳಿದದ್ದು ಒಂದೇ ಡಬ್ಬಿ. ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ, ಮತ್ತೆ ತಾತಂದಿರನ್ನು ನಡುವೆ ಕೂರಿಸುವ ಕೆಲಸಕ್ಕೆ ಇಳಿದರು. ನನಗೂ ಒಳಗೊಳಗೇ ನೋವು. ಅರ್ಧ ತಪ್ಪು ನನ್ನದೇ ತಾನೇ.

ಒಂದು ಬೆಳಿಗ್ಗೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಇಬ್ಬರೂ ಪೆಚ್ಚಾಗಿ ಕೂತಿದ್ದೆವು. ಹೊರಗೆ ಬೀದಿ ನಲ್ಲಿಯ ಹತ್ತಿರ ಎಂದಿನ ಗಲಾಟೆ. ಮೂಲೆಮನೆಯವರಿಗೂ ತೊಟ್ಟಿಮನೆಯವರಿಗೂ ಯಾರ ಕೊಡ ಮೊದಲು ಎಂದು ದಿನವೂ ಆಗುವ ಜಗಳ. ಅದು ಬಿಟ್ಟರೆ ಆ ಇಬ್ಬರು ಹೆಂಗಸರ ನಡುವೆ ಬೇರೆ ಮಾತಿರಲಿಲ್ಲ. ಫೋಟೋದವರ ಹೆಂಡತಿ ಖಾಲಿ ಲೋಟ ಎತ್ತಿಕೊಳ್ಳುತ್ತಾ, "ಅಲ್ರೀ, ಕಥೆ ಕಥೆ ಅಂತ ಊರೆಲ್ಲ ಅಲೆದಿರಿ. ದಿನಾ ಬಾಗಿಲ ಮುಂದೆ ನಡೀತಿರೋದು ನಿಮ್ಮ ಕಣ್ಣಿಗೆ ಕಾಣೋಲ್ವೇ?" ಎಂದರು.

ಫೋಟೋದವರು ಕಿಟಕಿಯಿಂದ ನಲ್ಲಿಯ ಕಡೆ ಬಗ್ಗಿ ನೋಡಿದರು. ಆಮೇಲೆ ಎದ್ದು ಹೋಗಿ ಕ್ಯಾಮೆರಾದ ಬಟ್ಟೆ ತೆಗೆದರು.

ಮಾರನೆಯ ದಿನ ನೀರು ಬರುವ ಹೊತ್ತಿಗೆ ನಲ್ಲಿಯ ಎದುರು ಕ್ಯಾಮೆರಾ ನಿಂತಿತು. ಸುದ್ದಿ ಹಿಂದಿನ ಸಂಜೆಯೇ ಬೀದಿಯೆಲ್ಲ ಹಬ್ಬಿಹೋಗಿತ್ತು. ಮೂಲೆಮನೆಯವರು ಹಬ್ಬದ ಸೀರೆ ಉಟ್ಟು, ತಿಕ್ಕಿ ತೊಳೆದ ಕೊಡ ಹಿಡಿದು ಬಂದರು. ತೊಟ್ಟಿಮನೆಯವರು ಮುಡಿ ತುಂಬ ಮಲ್ಲಿಗೆ ಮುಡಿದಿದ್ದರು. ನೀರು ಬಂತು. ರೀಲು ಓಡತೊಡಗಿತು.

"ನೀವು ಹಿಡ್ಕೊಳ್ಳಿ," ಎಂದರು ಮೂಲೆಮನೆಯವರು.

"ಅಯ್ಯೋ ಇಲ್ಲ, ನೀವು ಮೊದಲು," ಎಂದರು ತೊಟ್ಟಿಮನೆಯವರು.

"ನನಗೇನು ಅವಸರ. ನಿಮ್ಮ ಮನೇಲಿ ಮಕ್ಕಳು ಸ್ಕೂಲಿಗೆ ಹೋಗಬೇಕು."

"ನಿಮ್ಮ ಯಜಮಾನರು ಆಫೀಸಿಗೆ ಹೋಗಬೇಕಲ್ಲ. ಹಿಡೀರಿ."

ಹಿಂದಿದ್ದವರಿಗೂ ಇದೇ ಸೋಂಕು ತಗುಲಿತು. ಸಾಲು ಮುಂದೆ ಹೋಗುವ ಬದಲು ಹಿಂದೆ ಸರಿಯಿತು. ನೀರು ಧಾರಾಳವಾಗಿ ಮೋರಿಗೆ ಹರಿಯಿತು. ಫೋಟೋದವರ ಮುಖ ಅಳುವ ಹಾಗಾಯಿತು. ಕರಕರ ಅನ್ನುತ್ತಿದ್ದ ರೀಲು ಮುಗಿಯಿತು. ಒಂದು ನಿಮಿಷದಲ್ಲಿ ನೀರೂ ನಿಂತಿತು. ಯಾರ ಕೊಡದಲ್ಲೂ ಒಂದು ಹನಿ ಇಲ್ಲ. ಆಗ ಶುರುವಾದ ಜಗಳದಂಥ ಜಗಳವನ್ನು ನಮ್ಮ ಬೀದಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಾವು ಖಾಲಿ ಕ್ಯಾಮೆರಾ ಇಟ್ಟುಕೊಂಡು ಜಗಲಿಯ ಮೇಲೆ ಕೂತು ನೋಡಿದೆವು.

ಆದರೂ ರೀಲನ್ನು ಬೊಂಬಾಯಿಗೆ ಕಳಿಸಿದರು. ಬಂದ ಮೇಲೆ ಒಂದು ಸಂಜೆ ಛತ್ರದಲ್ಲಿ ಪಂಚೆಯೊಂದನ್ನು ಪರದೆಯಾಗಿ ಕಟ್ಟಿ ಚಿತ್ರ ಬಿಟ್ಟರು. ಬೀದಿಗೆ ಬೀದಿಯೇ ಬಂದಿತ್ತು. ಮೊದಲು ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿಕೊಂಡರು. ಆಮೇಲೆ ಒಬ್ಬ ಅಜ್ಜಿ ಪರದೆಯ ಕಡೆ ಕೈ ಮಾಡಿ, "ನೀರು ಸುಮ್ನೆ ಹೋಗ್ತಿದೆ, ಯಾರಾದ್ರೂ ಕೊಡ ಇಡ್ರಮ್ಮ," ಎಂದರು. ಅಷ್ಟಕ್ಕೆ ಮೂಲೆಮನೆಯವರು ಎದ್ದು ನಿಂತರು.

"ಎಲ್ಲರೂ ನೋಡಿ. ಸಾಲಲ್ಲಿ ಮೊದಲು ನಿಂತಿರೋದು ನಾನು. ಈಗ ಸಾಕ್ಷಿ ಇದೆ."

"ಮೊದಲು ಇರೋದು ನಿಮ್ಮ ಕೊಡ. ನೀವು ನನ್ನ ಹಿಂದೆ ನಿಂತಿದ್ದೀರಿ," ಎಂದರು ತೊಟ್ಟಿಮನೆಯವರು. "ಇನ್ನೊಂದು ಸಲ ಬಿಡ್ರಿ, ನೋಡೋಣ."

ಇನ್ನೊಂದು ಸಲ ಬಿಟ್ಟರು. ಛತ್ರ ಎರಡು ಪಕ್ಷವಾಯಿತು. ಮತ್ತೊಂದು ಸಲ ಬಿಟ್ಟರು. ಪುರೋಹಿತರು ಪರದೆಯ ಹತ್ತಿರ ಹೋಗಿ ಕೂತು ಕೊಡಗಳನ್ನು ಎಣಿಸಿದರು. ನಾಲ್ಕು ಸಲ ಬಿಟ್ಟರೂ ಒಬ್ಬರೂ ಎದ್ದು ಹೋಗಲಿಲ್ಲ. ಫೋಟೋದವರು ಕತ್ತಲಲ್ಲಿ ನನ್ನ ತೋಳು ಹಿಡಿದು, "ಮೇಷ್ಟ್ರೇ, ಒಂದೇ ಸಂಜೆಗೆ ನಾಲ್ಕು ಆಟ," ಎಂದರು.

ಮಾರನೆಯ ಬೆಳಿಗ್ಗೆ ಮೂಲೆಮನೆಯವರೂ ತೊಟ್ಟಿಮನೆಯವರೂ ಒಟ್ಟಿಗೆ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದರು. ಅವರಿಬ್ಬರನ್ನು ಜೊತೆಯಲ್ಲಿ ಕಂಡದ್ದು ಅದೇ ಮೊದಲು.

"ನಾವು ಮಾತಾಡಿಕೊಂಡಿದ್ದೀವಿ," ಎಂದರು ಮೂಲೆಮನೆಯವರು. "ಆ ಸಿನಿಮಾ ಸರಿಯಾಗಿ ಬಂದಿಲ್ಲ. ಇನ್ನೊಂದು ರೀಲು ತರಿಸಿ. ಈ ಸಲ ನಾಚಿಕೆ ಬಿಟ್ಟು, ದಿನಾ ಆಡೋ ಹಾಗೇ ಜಗಳ ಆಡ್ತೀವಿ."

ಫೋಟೋದವರು ಸಂತೋಷದಿಂದ ಇಬ್ಬರಿಗೂ ಕುರ್ಚಿ ಎಳೆದು ಕೊಟ್ಟರು.

"ಆದರೆ ಮೊದಲು ಶುರು ಮಾಡೋದು ನಾನು," ಎಂದರು ಮೂಲೆಮನೆಯವರು, ಕೂರುತ್ತಾ.

ತೊಟ್ಟಿಮನೆಯವರು ಕೂರಲಿಲ್ಲ. "ಅದು ಹೇಗಾಗುತ್ತೆ?" ಎಂದರು.