ರೆಡ್ಯೂಸ್ ಮಾಡಿದವನ ಕಾಫಿ

ನಮ್ಮ ಕಡೆ ಈಗ ಯಾರೂ ಏನನ್ನೂ ಕಡಿಮೆ ಮಾಡುವುದಿಲ್ಲ, ರೆಡ್ಯೂಸ್ ಮಾಡುತ್ತಾರೆ. ‘ಅನ್ನ ಕಡಿಮೆ ಮಾಡಿದ್ದೇನೆ’ ಎಂದರೆ ಮನೆಯಲ್ಲೇನೋ ತಾಪತ್ರಯವಿರಬೇಕೆಂದು ಕೇಳಿದವರು ಮರುಗುತ್ತಾರೆ. ‘ರೈಸ್ ರೆಡ್ಯೂಸ್ ಮಾಡಿದೀನಿ’ ಎಂದು ನೋಡಿ, ಅದೇ ಜನ ಗೌರವದಿಂದ ನಿಮ್ಮ ಹೊಟ್ಟೆಯ ಕಡೆ ನೋಡುತ್ತಾರೆ. ಈ ಪದದ ಇನ್ನೊಂದು ಸುಖವೆಂದರೆ, ಎಷ್ಟು ಎಂದು ಅದು ಕೇಳುವುದೇ ಇಲ್ಲ. ನನ್ನಂಥ ನಾಲಗೆ ಚಪಲದವನಿಗೆ ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಬೇಕಿಲ್ಲ.

ಎದೆಯುರಿಯೆಂದು ಹೋದಾಗ ಡಾಕ್ಟರು ಕಾಫಿ ರೆಡ್ಯೂಸ್ ಮಾಡಿ, ಇಲ್ಲದಿದ್ದರೆ ಪೂರ್ತಿ ಬಿಡಬೇಕಾಗುತ್ತದೆ ಎಂದರು. ಕಾಫಿಯಿಲ್ಲದ ಬೆಳಗನ್ನು ನೆನೆದರೇ ನನಗೆ ಅಳು ಬರುತ್ತದೆ. ಮನೆಯಲ್ಲಿ ಹೆಂಡತಿ ಶಾರದೆ ನನ್ನ ಲೋಟವನ್ನು ಅರ್ಧಕ್ಕಿಳಿಸಿದಳು. ಹೊರಗೆ ಬೈಟೂ ಅಲ್ಲದೆ ಕುಡಿಯುವುದಿಲ್ಲವೆಂದು ನಾನೇ ಶಪಥ ಮಾಡಿದೆ. ಒಂದು ಕಾಫಿ, ಎರಡು ಲೋಟ, ನನ್ನ ಪಾಲಿಗೆ ಅರ್ಧ. ಆದರೆ ಬೈಟೂ ಒಬ್ಬನೇ ಕುಡಿಯುವ ವಸ್ತುವಲ್ಲ, ಜೊತೆ ಬೇಕು. ತ್ಯಾಗರಾಜನಗರದ ಪಾರ್ಕಿನಲ್ಲಿ ನನ್ನೊಡನೆ ನಡೆಯುವವರೆಲ್ಲ ಈ ಸಂಕಲ್ಪಕ್ಕೆ ಹೆಗಲು ಕೊಟ್ಟರು. ಎದುರಿನ ದರ್ಶಿನಿಯಲ್ಲಿ ರಾಮಣ್ಣನವರೊಂದಿಗೆ ಬೈಟೂ ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಹುಬ್ಬಳ್ಳಿಯ ಪಾಟೀಲರು ಬಂದು, ‘ನಮ್ಮ ಜೋಡಿನೂ ಒಂದ್ ಬೈಟೂ ಆಗ್ಲಿ ಬರ್ರಿ’ ಎನ್ನುತ್ತಿದ್ದರು. ಒಬ್ಬರ ಜೊತೆ ಕುಡಿದು ಇನ್ನೊಬ್ಬರಿಗೆ ಒಲ್ಲೆನೆನ್ನಲು ನನ್ನ ದಾಕ್ಷಿಣ್ಯ ಬಿಡಲಿಲ್ಲ. ಅವರ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದರು. ಕಾಫಿ ಕೊಡುವವನು ನನ್ನ ಮುಖ ಕಂಡೊಡನೆ ಎರಡು ಲೋಟ ಜೋಡಿಸಿಡತೊಡಗಿದ.

ಎದೆಯುರಿ ಹೆಚ್ಚಾಯಿತು. ಶಾರದೆಯೇ ನನ್ನನ್ನು ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರೆಡ್ಯೂಸ್ ಮಾಡಿದಿರಾ ಎಂದು ಅವರು ಕೇಳಿದರು. ಪೂರ್ತಿ ಲೋಟ ಮುಟ್ಟಿಯೇ ಇಲ್ಲವೆಂದೆ. ಅದು ಅಕ್ಷರಶಃ ಸತ್ಯ. ಅರ್ಧಕ್ಕಿಳಿಸಿದರೂ ಹೀಗಾದರೆ ಪೂರ್ತಿ ಬಿಟ್ಟುಬಿಡಿ ಎಂದು ಅವರು ಚೀಟಿ ಬರೆಯತೊಡಗಿದರು. ನಿಜ ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಕಾಫಿ ಹೋಗುತ್ತದೆ. ಮಾನವೇ ಇರಲಿ ಎಂದು ಇನ್ನೇನು ತೀರ್ಮಾನಿಸಬೇಕು, ಅಷ್ಟರಲ್ಲಿ ಶಾರದೆ ಮೆಲ್ಲಗೆ ಹೇಳಿದಳು: ‘ಹಾಗಾದ್ರೆ ನಾನೂ ಬಿಟ್ಬಿಡ್ತೀನಿ ಡಾಕ್ಟ್ರೇ. ಇವರೆದುರಿಗೆ ಕುಡಿಯೋಕೆ ಮನಸ್ಸು ಬರಲ್ಲ. ಈಗ್ಲೂ ನಾನು ಇವರ ಜೊತೆ ಅರ್ಧ ಲೋಟಾನೇ ಕುಡೀತಿರೋದು.’

ಕಾಫಿಯೆಂದರೆ ಅವಳಿಗೆ ನನಗಿಂತ ಹೆಚ್ಚು ಪ್ರಾಣ. ನನಗೆ ನಾಚಿಕೆಯಾಗಿ ರಾಮಣ್ಣ, ಪಾಟೀಲರು, ಅವರ ಹಿಂದಿನವರು, ಎಲ್ಲರ ಹೆಸರನ್ನೂ ಒದರಿಬಿಟ್ಟೆ. ಡಾಕ್ಟರು ನಗು ತಡೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಹೊರಗೆ ದಿನಕ್ಕೊಂದೇ ಬೈಟೂ ಎಂದರು.

ಮರುದಿನ ಅವಳೂ ಪಾರ್ಕಿಗೆ ಬಂದಳು. ಇನ್ನು ಮೇಲೆ ಬೈಟೂ ಏನಿದ್ದರೂ ತನ್ನ ಜೊತೆಗೇ ಎಂದಳು. ದರ್ಶಿನಿಯಲ್ಲಿ ಲೋಟಗಳು ಬಂದವು. ನಾನು ಕೈ ಚಾಚುವ ಮೊದಲೇ ನನ್ನ ಲೋಟದ ಅರ್ಧವನ್ನು ತನ್ನದಕ್ಕೆ ಬಗ್ಗಿಸಿಕೊಂಡಳು.

‘ನೀವು ರೆಡ್ಯೂಸ್ ಮಾಡ್ತಿದ್ದೀರಲ್ಲ’ ಎಂದಳು.

ಬಾಗಿಲಲ್ಲಿ ನಿಂತಿದ್ದ ರಾಮಣ್ಣನವರ ಕಡೆ ನಾನು ತಿರುಗಲಿಲ್ಲ. ತಳದಲ್ಲಿ ಉಳಿದಿದ್ದ ಕಾಫಿಯನ್ನು, ಪೂರ್ತಿ ಲೋಟ ಕುಡಿಯುವವನಂತೆ, ಊದಿ ಊದಿ ಕುಡಿದೆ.