ಒಂದು ದೂರಿಗೆ ಮೂರು ಭೇಟಿ

ಹನ್ನೊಂದು ದೂರುಗಳಲ್ಲಿ ಒಂದಕ್ಷರ ನಿಜ ಬರೆಯದೆ ಮರ್ಯಾದೆಯಿಂದ ಬದುಕಿದ್ದ ಶವೇಜಿ, ಹನ್ನೆರಡನೆಯದರಲ್ಲಿ ನಿಜ ಬರೆದುಬಿಟ್ಟ. ಬರೆದದ್ದೂ ಅಲ್ಲದೆ ಅದನ್ನು ನಾಲ್ಕು ಮಡಿಕೆ ಮಡಚಿ, ಗ್ರಾಮ ಕಚೇರಿಯ ಜಗಲಿಯಲ್ಲಿದ್ದ ನೀಲಿ ಪೆಟ್ಟಿಗೆಯ ಸೀಳಿನೊಳಗೆ ತೂರಿಸಿ, ಮನೆಗೆ ಬಂದು ನೆಮ್ಮದಿಯಾಗಿ ಮಲಗಿದ. ಬೆಳಗ್ಗೆ ಹಲ್ಲುಕಡ್ಡಿ ಕಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಕಾಫಿ ಮಾರುವ ನಸ್ಸೋರೋ, ಹಿರಿಯರನ್ನು ಕರೆಯುವ ಹಾಗೆ ಮ್ಜೇ ಎನ್ನುತ್ತ, ದಾರಿಯಿಂದಲೇ ಕೂಗಿದ.

"ಮ್ಜೇ ಶವೇಜಿ! ಗೊತ್ತಾಯ್ತಾ? ದಾರ್ ಪಟ್ಟಣದಿಂದ ತಪಾಸಣೆ ಮೇಡಂ ಬರ್ತಿದ್ದಾರೆ. ಮಧ್ಯಾಹ್ನ ಮಾವಿನ ಮರದ ಕೆಳಗೆ ಸಭೆ. ದೂರು ಪೆಟ್ಟಿಗೆ ಎಲ್ಲರ ಮುಂದೆ ತೆಗೀತಾರಂತೆ. ಒಂದೊಂದು ಕಾಗದನೂ ಗಟ್ಟಿಯಾಗಿ ಓದ್ತಾರಂತೆ!"

"ಗಟ್ಟಿಯಾಗಿ ಯಾಕೋ?"

"ಪಾರದರ್ಶಕತೆಯಂತೆ. ಹಂಗಂದ್ರೇನು ಅಂತ ನಂಗೂ ಗೊತ್ತಿಲ್ಲ. ಒಟ್ನಲ್ಲಿ ಯಾರ ಮಾನನೂ ಉಳಿಯಲ್ಲ ಅಂತ ಕಾಣುತ್ತೆ."

ಶವೇಜಿ ಹಲ್ಲುಕಡ್ಡಿ ನುಂಗುವುದೊಂದು ಬಾಕಿ. ಕಾಗದದಲ್ಲಿ ಅವನು ಬರೆದಿದ್ದದ್ದು ಇಷ್ಟು: 'ಬಿ ಸೋಮೋಯೆಯವರು ನನ್ನ ಮನೆಗೆ ಮೂರು ಸಲ ಬರುತ್ತಾರೆ. ನಾಲ್ಕನೆಯ ಸಲ ಬರುವುದಿಲ್ಲ. ಇದೇ ನನ್ನ ದೂರು.' ಕೆಳಗೆ ಶವೇಜಿ ಲಿಕ್ವಾಟ ಎಂದು ಪೂರ್ತಿ ಹೆಸರು. ಹೆಸರು ಬರೆಯದಿದ್ದರೆ ಭೇಟಿ ಇಲ್ಲವಲ್ಲ!

ವಿಷಯ ಹೀಗೆ. ಕಿಟೋಪೆನಿ ಊರಿನವರು ತಮ್ಮ ಕಾಡನ್ನು ಕಡಿಯದೆ ಕಾದುಕೊಂಡಿದ್ದಕ್ಕೆ ಎಲ್ಲೋ ಸಮುದ್ರದಾಚೆ ಹೊಗೆ ಬಿಡುವ ಕಂಪನಿಗಳು ವರ್ಷಕ್ಕೊಮ್ಮೆ ದುಡ್ಡು ಕಳಿಸುತ್ತವೆ. ಊರವರು ಅದಕ್ಕೆ ಗಾಳಿ ದುಡ್ಡು ಎನ್ನುತ್ತಾರೆ. ದುಡ್ಡಿನ ಹಿಂದೆಯೇ ಒಂದು ದಪ್ಪ ನಿಯಮ ಪುಸ್ತಕವೂ ಬಂತು. ಅದರ ಪ್ರಕಾರ ಯಾರಾದರೂ ದೂರು ಕೊಟ್ಟರೆ ದೂರು ಕಾರ್ಯದರ್ಶಿ ಅವರ ಮನೆಗೆ ಮೂರು ಸಲ ಹೋಗಬೇಕು. ಕೇಳುವುದಕ್ಕೊಮ್ಮೆ, ನೋಡುವುದಕ್ಕೊಮ್ಮೆ, ತೀರ್ಮಾನ ಹೇಳುವುದಕ್ಕೊಮ್ಮೆ. ಈ ನಿಯಮಗಳನ್ನು ಸಭೆಯಲ್ಲಿ ಓದಿದಾಗ ಊರಿಗೆ ಊರೇ ಪಕ್ಕದವರ ಜೊತೆ ಪಿಸುಗುಡುತ್ತಿತ್ತು. ಪೂರ್ತಿ ಕೇಳಿಸಿಕೊಂಡವನು ಶವೇಜಿ ಒಬ್ಬನೇ. ಅದು ಜಾಗೃತಿಯಿಂದೇನಲ್ಲ, ಅವನ ಪಕ್ಕದಲ್ಲಿ ಪಿಸುಗುಡಲು ಯಾರೂ ಇರಲಿಲ್ಲ.

ಅವನು ಹಿಂದೆ ಮರ ಕೊಯ್ಯುತ್ತಿದ್ದವನು. ಉದ್ದ ಗರಗಸ, ಆ ತುದಿಗೊಬ್ಬ, ಈ ತುದಿಗೊಬ್ಬ. ಕಾಡು ಕಡಿಯಬಾರದೆಂದಾದ ಮೇಲೆ ಆ ತುದಿಯವನು ಕೆಲಸ ಹುಡುಕಿಕೊಂಡು ನದಿಯಾಚೆ ಮೊಜಾಂಬಿಕಿಗೆ ಹೋದ. ಹೆಂಡತಿ ತೀರಿಕೊಂಡು ಆರು ವರ್ಷ. ಕಿಟೋಪೆನಿಯಲ್ಲಿ ಬೇರೆಯವರ ಬಾಗಿಲಿಗೆ ಹೋದವರು "ಹೋಡಿ!" ಎಂದು ಕೂಗುವುದು ವಾಡಿಕೆ. ಶವೇಜಿಯ ಬಾಗಿಲಿಗೆ ಆಡುಗಳು ಮಾತ್ರ ಬರುತ್ತಿದ್ದವು, ಅವು ಕೂಗದೆ ಒಳಗೇ ನುಗ್ಗುತ್ತಿದ್ದವು.

ಹೀಗಿರುವಾಗ ಊರವರು ಗೌರವಕ್ಕೆ ಬಿ ಸೇರಿಸಿ ಕರೆಯುವ ಸೋಮೋಯೆ ದೂರು ಕಾರ್ಯದರ್ಶಿಯಾಗಿ ಆಯ್ಕೆಯಾದಳು. ವಿಧವೆ, ಗಟ್ಟಿ ದನಿ, ನಗುವಾಗ ಹೆಗಲ ಮೇಲೆ ಹೊದ್ದ ಕಾಂಗಾ ಬಟ್ಟೆ ಜಾರುವಷ್ಟು ನಗುವವಳು. ಒಬ್ಬಂಟಿ ಗಂಡಸಿನ ಮನೆಗೆ ಹೆಂಗಸು ಸುಮ್ಮನೆ ಹೋಗುವಂತಿಲ್ಲ, ರಿಜಿಸ್ಟರ್ ಕಂಕುಳಲ್ಲಿದ್ದರೆ ಹೋಗಬಹುದು. ಶವೇಜಿ ಮೊದಲ ದೂರು ಕೊಟ್ಟ: ಗಡಿಕಲ್ಲು ವಾಲಿದೆ. ಅವಳು ಬಂದಳು, ಶುಂಠಿ ಚಹಾ ಕುಡಿದಳು, ಬರೆದುಕೊಂಡಳು. ಎರಡನೆಯದು: ಕಾಡಿನ ಕೋತಿಗಳು ನನ್ನನ್ನು ನೋಡಿ ಹಲ್ಲು ಕಿಸಿಯುತ್ತವೆ. ಐದನೆಯ ಹೊತ್ತಿಗೆ ಅವನ ಕೈ ಪಳಗಿತ್ತು: ಕಾಡಿನ ಗಾಳಿ ಮಾರಿದ ಮೇಲೆ ನನ್ನ ಮನೆಗೆ ಗಾಳಿ ಕಡಿಮೆಯಾಗಿದೆ. ಸೋಮೋಯೆ ಅಂಗಳದಲ್ಲಿ ಕಾಂಗಾದ ಸೆರಗು ಹಿಡಿದು ಅರ್ಧ ಗಂಟೆ ಗಾಳಿ ಪರೀಕ್ಷೆ ಮಾಡಿದ್ದಳು. ಆ ಅರ್ಧ ಗಂಟೆ ಶವೇಜಿಯ ಪಾಲಿಗೆ ಹಬ್ಬ.

ಈಗ ಆ ಹಬ್ಬಕ್ಕೇ ಕುತ್ತು. ಕಾಗದ ಓದಿದರೆ ಊರು ನಗುತ್ತದೆ, ಸೋಮೋಯೆ ಮತ್ತೆಂದೂ ಅವನ ಹೊಸ್ತಿಲು ತುಳಿಯುವುದಿಲ್ಲ.

ಶವೇಜಿ ಹಳೇ ಕೊಡೆಯ ಕಡ್ಡಿಯೊಂದಕ್ಕೆ ಗೇರುಮರದ ಅಂಟು ಬಳಿದುಕೊಂಡು ಗ್ರಾಮ ಕಚೇರಿಗೆ ಓಡಿದ. ಜಗಲಿಯಲ್ಲಿ ಯಾರೂ ಇರಲಿಲ್ಲ. ಕಡ್ಡಿ ಒಳಗೆ ಬಿಟ್ಟು ಆಡಿಸಿದ, ಏನೂ ಅಂಟಲಿಲ್ಲ. ಇನ್ನೂ ಆಳಕ್ಕೆ ಬಿಡೋಣವೆಂದು ನಾಲ್ಕು ಬೆರಳು ತೂರಿಸಿದ. ಕಡ್ಡಿ ಒಳಗೆ ಬಿತ್ತು, ಬೆರಳುಗಳು ಹೊರಗೆ ಬರಲಿಲ್ಲ.

"ಶಿಕಾಮೂ, ಮ್ಜೇ," ಎಂದು ಹಿಂದಿನಿಂದ ನಮಸ್ಕಾರ ಬಂತು. ಪಕ್ಕದ ಮನೆಯ ಜೈತೂನಿ, ತಲೆಯ ಮೇಲೆ ಮರಗೆಣಸಿನ ಬುಟ್ಟಿ. "ಇನ್ನೊಂದು ದೂರಾ? ಬೆಳಬೆಳಗ್ಗೆ?"

"ಹೂಂ... ಸಣ್ಣದು."

"ಹಾಕಾಯ್ತಲ್ಲ, ಕೈ ತೆಗೀರಿ ಮತ್ತೆ."

"ಇರಲಿ ಬಿಡು, ಜಗಲಿ ತಂಪಾಗಿದೆ."

ಜೈತೂನಿ ಬಗ್ಗಿ ನೋಡಿದಳು. ಆಮೇಲೆ ಅವಳು ಹಾಕಿದ ಕೂಗಿಗೆ ಅರ್ಧ ಊರು ಜಮಾಯಿಸಿತು. ನಸ್ಸೋರೋ ಸೊಂಟ ಹಿಡಿದು ಎಳೆದ. ಇನ್ಯಾರೋ ತೆಂಗಿನೆಣ್ಣೆ ಸುರಿದರು. ಒಬ್ಬ ಬೆರಳು ಕತ್ತರಿಸುವುದೇ ಸರಿ ಎಂದ, ಇನ್ನೊಬ್ಬ ಪೆಟ್ಟಿಗೆ ಊರಿನ ಆಸ್ತಿ, ಅದಕ್ಕೇನಾದರೂ ಆದರೆ ಗಾಳಿ ದುಡ್ಡು ನಿಲ್ಲುತ್ತದೆ ಎಂದು ಹೆದರಿಸಿದ.

"ದೂರು ಬರೆದೂ ಬರೆದೂ ಈಗ ಪೆಟ್ಟಿಗೆಯೊಳಗೇ ಸಂಸಾರ ಹೂಡೋಕೆ ಹೊರಟಿದ್ದಾರೆ ನೋಡ್ರೋ!" ಎಂದ ನಸ್ಸೋರೋ. ಎಲ್ಲರೂ ನಕ್ಕರು. ಇಷ್ಟು ಜನ ತನ್ನ ಸುತ್ತ ನಿಂತು ಎಷ್ಟು ಕಾಲವಾಯಿತು ಎಂಬ ಯೋಚನೆ ಶವೇಜಿಗೆ ಆ ನೋವಿನಲ್ಲೂ ಬಂತು.

ಅಷ್ಟರಲ್ಲಿ ಊರಿನ ಅಧ್ಯಕ್ಷ ಕಜುಮರಿ ಬಂದ. ಒಂದು ಮಾತಿಗೆ ಹತ್ತು ಮಾತು ಆಡುವ ಅಧ್ಯಕ್ಷ ಅವತ್ತು ಮಾತಿಲ್ಲದೆ ಎಲ್ಲರನ್ನೂ ಮಾವಿನ ಮರದ ಕೆಳಗೆ ಕಸ ಗುಡಿಸಲು ಅಟ್ಟಿ, ಜೇಬಿನಿಂದ ಕೀಲಿಕೈ ತೆಗೆದು ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನಿಂದ ಬೆರಳುಗಳನ್ನು ನೂಕಿದ. ಬೆರಳು ಬಂತು. ಪೆಟ್ಟಿಗೆಯಲ್ಲಿ ಕೊಡೆಯ ಕಡ್ಡಿ ಬಿಟ್ಟರೆ ಏನೂ ಇರಲಿಲ್ಲ.

"ನನ್ನ ಕಾಗದ?"

"ರಾತ್ರಿ ಒಲೆಗೆ ಹಾಕ್ದೆ. ಒಟ್ಟು ಮೂರಿದ್ವು. ಮೇಡಂ ಬಂದಾಗ ಪೆಟ್ಟಿಗೆ ಖಾಲಿ ಇರ್ಬೇಕು. ದೂರೇ ಇಲ್ಲದ ಊರು ಅಂತ ಹೆಸರು ಬರ್ಬೇಕು. ಈ ಸಲದ ದುಡ್ಡಲ್ಲಿ ಆಸ್ಪತ್ರೆಗೆ ಹೆರಿಗೆ ಕೋಣೆ ಕಟ್ಬೇಕಲ್ಲ."

"ಓದಿದ್ರಾ?"

"ಕನ್ನಡಕ ಇರ್ಲಿಲ್ಲ. ಇವತ್ತು ಸಭೇಲಿ ಬಾಯಿ ಬಿಟ್ರೆ ನೋಡಿ ಮತ್ತೆ!"

ಶವೇಜಿಗೆ ಹೋದ ಜೀವ ಬಂದಂತಾಯಿತು. ಆದರೆ ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ಯಾಕೋ ಸಂಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಮನಸ್ಸಿನಲ್ಲಿದ್ದದ್ದನ್ನು ಬರೆದಿದ್ದ, ಅದನ್ನು ಓದಿದ್ದು ಒಲೆ.

ಮಧ್ಯಾಹ್ನ ಮೇಡಂ ಕೊಕುಟೋನಾ ಜೀಪಿನಿಂದ ಇಳಿದರು. ಧೂಳು ಕೊಡವಿಕೊಂಡು, ಅಧ್ಯಕ್ಷನ ಸ್ವಾಗತ ಭಾಷಣವನ್ನು ಮೊದಲ ವಾಕ್ಯದಲ್ಲೇ ತಡೆದು, ಪೆಟ್ಟಿಗೆ ತರಿಸಿ ಎಲ್ಲರ ಮುಂದೆ ತೆರೆಸಿದರು. ಖಾಲಿ. ಅಧ್ಯಕ್ಷ ಮದುಮಗನ ಹಾಗೆ ಬೀಗಿದ.

"ಊರಲ್ಲಿ ಎಷ್ಟು ಜನ ಇದ್ದೀರಾ?" ಮೇಡಂ ಕೇಳಿದರು.

"ಒಂಬೈನೂರು, ಮೇಡಂ. ಒಬ್ರಿಗೂ ಒಂದು ದೂರಿಲ್ಲ!"

"ಒಂಬೈನೂರು ಜನ, ಒಂದು ಕಾಡು, ಅಷ್ಟು ದುಡ್ಡು, ಒಂದೂ ದೂರಿಲ್ಲ! ನನ್ನ ಮನೇಲಿ ಇರೋದೇ ಮೂರು ಜನ, ದಿನಕ್ಕೆ ಹತ್ತು ದೂರು ಇರುತ್ತೆ. ಒಂದೋ ಈ ಪೆಟ್ಟಿಗೆ ಯಾಕಿದೆ ಅಂತ ನಿಮ್ಮ ಜನಕ್ಕೆ ತಿಳಿಸಿಲ್ಲ, ಇಲ್ಲಾ ಯಾರೋ ಕಾಗದ ನುಂಗಿದ್ದಾರೆ. ಇದು ಸರಿಯಾಗೋವರೆಗೆ ಈ ವರ್ಷದ ದುಡ್ಡು ತಡೆಹಿಡೀಬೇಕಾಗುತ್ತೆ."

ಬಸುರಿ ಹೆಂಗಸರ ಸಾಲಿನಿಂದ ಒಂದು ಉದ್ಗಾರ ಬಂತು. ಅಧ್ಯಕ್ಷನ ಮುಖ ಸುಟ್ಟ ಬದನೆಕಾಯಿಯಾಯಿತು. ಅವನು ಹಿಂದಿನಿಂದ ಶವೇಜಿಯ ಬೆನ್ನು ಚಿವುಟಿದ. "ಏಳಿ! ಬಾಯಿ ಬಿಡಿ! ದೂರು ಹೇಳಿ!"

"ಬಾಯಿ ಬಿಡ್ಬೇಡಿ ಅಂದ್ರಲ್ಲ?"

"ಅದು ಬೆಳಗ್ಗೆ!"

ಶವೇಜಿ ಎದ್ದು ನಿಂತ. ಎದುರಿಗೇ ಚಾಪೆಯ ಮೇಲೆ ಸೋಮೋಯೆ ರಿಜಿಸ್ಟರ್ ಹಿಡಿದು ಕೂತಿದ್ದಳು. ಅವನು ಗಡಿಕಲ್ಲಿನಿಂದ ಶುರುಮಾಡಿ ಕೋತಿ, ಗಾಳಿ, ಕಾಡಿನ ಬೋರ್ಡಿನ ಸಣ್ಣ ಅಕ್ಷರ ಎಲ್ಲ ಹೇಳಿದ. ಮೇಡಂ ರಿಜಿಸ್ಟರ್ ತರಿಸಿ ಹಾಳೆ ಮಗುಚಿದರು. ಹನ್ನೊಂದು ದೂರು, ಮೂವತ್ತಮೂರು ಭೇಟಿ, ತಾರೀಕು ಸಮೇತ, ಸಹಿ ಸಮೇತ.

"ಇಡೀ ಜಿಲ್ಲೇಲಿ ಇಂಥ ರಿಜಿಸ್ಟರ್ ನೋಡಿಲ್ಲ," ಎಂದರು ಮೇಡಂ. "ನಿಮ್ಮಷ್ಟು ತಿಳಿವಳಿಕೆ ಇರೋ ಪ್ರಜೆನೂ ನೋಡಿಲ್ಲ. ಹೇಳಿ ಮ್ಜೇ, ಇಷ್ಟೆಲ್ಲ ದೂರು ಕೊಟ್ರಲ್ಲ, ಕೊನೇಗೆ ನಿಮಗೆ ಬೇಕಾಗಿದ್ದು ಸಿಕ್ತಾ?"

ಶವೇಜಿ ಸೋಮೋಯೆಯ ಕಡೆ ನೋಡಿದ. ಒಂಬೈನೂರು ಜನ ಕಾಯುತ್ತಿದ್ದರು.

"ಬೋರ್ಡಿನ ಅಕ್ಷರ ಇನ್ನೊಂಚೂರು ದಪ್ಪ ಆಗ್ಬೇಕಿತ್ತು," ಎಂದು ಹೇಳಿ ಕೂತುಬಿಟ್ಟ.

ಅವನು ಬಾಯಿ ತೆರೆದದ್ದೇ ತಡ, ಊರಿಗೆ ಧೈರ್ಯ ಬಂತು. ಜೈತೂನಿ ಎದ್ದು ಸೌದೆಯ ದಾರಿ ಮುಚ್ಚಿದ್ದಾರೆ ಎಂದಳು. ಕಾಡಿನ ಕಾವಲುಗಾರರು ದಿನವಿಡೀ ತನ್ನ ಬೆಂಚಿನ ಮೇಲೆ ಮಲಗುತ್ತಾರೆ ಎಂದ ನಸ್ಸೋರೋ. ಮೇಡಂ ಮುಖ ಅರಳಿತು. "ದುಡ್ಡು ತಡೆಯಲ್ಲ. ಆದ್ರೆ ದೂರು ಕಾರ್ಯದರ್ಶಿ ವರ್ಷಕ್ಕೊಬ್ಬರು ಬದಲಾಗ್ಬೇಕು ಅಂತ ನಿಯಮ ಇದೆ. ಈ ಮ್ಜೇ ಅವರನ್ನೇ ಯಾಕೆ ಮಾಡ್ಬಾರ್ದು? ಇವತ್ತಿನ ದೂರೆಲ್ಲ ಸಂಜೆಯೊಳಗೆ ಬರ್ಕೊಂಡಿರ್ಬೇಕು. ನಾನು ರಾತ್ರಿ ಇಲ್ಲೇ ಇರ್ತೀನಿ, ಬೆಳಗ್ಗೆ ನೋಡ್ತೀನಿ."

ಕೈಗಳು ಮೇಲೆದ್ದವು. ಕಾರ್ಯದರ್ಶಿಯಾದವನು ತಾನೇ ದೂರು ಕೊಡುವಂತಿಲ್ಲ ಎಂಬ ನಿಯಮ ಶವೇಜಿಗೆ ಆಗ ನೆನಪಾಯಿತು. ಇನ್ನು ಸೋಮೋಯೆ ಬರಲು ಕಾರಣವೇ ಇಲ್ಲ. ಅವಳಾದರೂ ಬೇಡ ಎನ್ನಬಹುದು ಎಂದು ಆಸೆಯಿಂದ ತಿರುಗಿದ. ಸೋಮೋಯೆ ಎರಡೂ ಕೈ ಎತ್ತಿದ್ದಳು.

ಸಂಜೆ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಶವೇಜಿ ಜೈತೂನಿಯ ಬಾಗಿಲಲ್ಲಿ "ಹೋಡಿ" ಎಂದ.

"ಅಯ್ಯೋ, ಸೌದೆ ದಾರೀನಾ? ನನ್ನ ಗಂಡ ಹೇಳಿದ್ರು, ಆ ಕಡೆಯಿಂದ ಇನ್ನೊಂದು ದಾರಿ ಇದೆಯಂತೆ. ದೂರಿಲ್ಲ, ಏನಿಲ್ಲ."

"ಆದ್ರೂ ಮೂರು ಸಲ ಬರ್ಬೇಕಲ್ಲ, ನಿಯಮ..."

"ಅದಕ್ಕೇ ದೂರಿಲ್ಲ ಅಂದಿದ್ದು, ಮ್ಜೇ," ಎಂದು ಅವಳು ಬಾಗಿಲು ಹಾಕಿದಳು.

ನಸ್ಸೋರೋ ಇನ್ನೂ ನೇರ. "ಕಾವಲುಗಾರರು ಮಲಗಿದ್ರೆ ಮಲಗಲಿ ಬಿಡಿ. ಅವರು ಗೊರಕೆ ಹೊಡೀತಾರೆ ಅಷ್ಟೇ. ನೀವು ಕೂತ್ರೆ ಮಾತಾಡ್ತೀರಿ, ಸಂಜೆವರೆಗೂ ಏಳಲ್ಲ."

ರಿಜಿಸ್ಟರಿನ ಹಾಳೆ ಖಾಲಿಯೇ ಉಳಿಯಿತು. ಶವೇಜಿ ತಲೆ ತಗ್ಗಿಸಿ ಸೋಮೋಯೆಯ ಮನೆಯ ಮುಂದೆ ಹಾದುಹೋಗುತ್ತಿದ್ದ. ಅವಳು ಹೊಸ್ತಿಲ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು.

"ಕಾರ್ಯದರ್ಶಿಗಳೇ! ನಂದೊಂದು ದೂರಿದೆ. ಬರ್ಕೊಳ್ಳಿ."

"ಯಾರ ಮೇಲೆ?"

"ಶವೇಜಿ ಲಿಕ್ವಾಟ ಅನ್ನೋರ ಮೇಲೆ. ವರ್ಷವೆಲ್ಲ ನಂಗೆ ಅವರ ಮನೇಲಿ ಶುಂಠಿ ಚಹಾ ಸಿಗ್ತಿತ್ತು. ಇವತ್ತಿಂದ ನಿಂತುಹೋಯ್ತು."

"ನೀವೇ ಎರಡೂ ಕೈ ಎತ್ತಿದ್ರಲ್ಲ, ಬಿ ಸೋಮೋಯೆ!"

"ಮತ್ತೆ? ನಾನೇ ಎಷ್ಟು ಸಲ ನಿಮ್ಮ ಮನೆ ಗುಡ್ಡ ಹತ್ಲಿ? ನನ್ನ ಮಂಡಿ ನೋಡಿದ್ದೀರಾ? ಇನ್ಮೇಲೆ ನೀವು ಬನ್ನಿ ಅಂತ ಎತ್ತಿದೆ. ಕೋತಿ ಹಲ್ಲು ಕಿಸಿಯೋ ದೂರು ನಂಗೂ ಬರೆಯೋಕೆ ಬರುತ್ತೆ."

ಅವಳು ನಕ್ಕಳು, ಕಾಂಗಾ ಜಾರಿತು. ಶವೇಜಿ ಒಂದಕ್ಷರ ಬಿಡದೆ ಬರೆದುಕೊಂಡ. ಇದು ಮೊದಲನೆಯ ಭೇಟಿ, ಇನ್ನೂ ಎರಡಿವೆ, ಆಮೇಲೆ ಹೊಸ ದೂರು. ಅರವತ್ತೆರಡು ವರ್ಷದ ಮುದುಕ ದಾರಿಯಲ್ಲಿ ಹಾಡು ಗುನುಗಿಕೊಂಡು ಹೊರಟ.

ತಿರುವಿನಲ್ಲಿ ಅಧ್ಯಕ್ಷ ಕಜುಮರಿ ಏದುಸಿರು ಬಿಡುತ್ತ ಎದುರಾದ. "ಒಂದಾದ್ರೂ ಸಿಕ್ತಾ? ಎಲ್ಲರೂ ವಾಪಸ್ ತಗೊಂಡ್ರಂತೆ! ಬೆಳಗ್ಗೆ ಮೇಡಂ ಖಾಲಿ ಹಾಳೆ ನೋಡಿದ್ರೆ ನನ್ನ ಕಥೆ ಮುಗೀತು."

"ಸಿಕ್ತು," ಎಂದ ಶವೇಜಿ ಹೆಮ್ಮೆಯಿಂದ.

ಅಧ್ಯಕ್ಷ ರಿಜಿಸ್ಟರ್ ಕಿತ್ತುಕೊಂಡು, ಈ ಸಲ ಕನ್ನಡಕ ಹಾಕಿಕೊಂಡು ಓದಿದ. ಅವನ ಮುಖದಲ್ಲಿ ಬೆಳದಿಂಗಳು ಹರಡಿತು. "ಅದ್ಭುತ! ಕಾರ್ಯದರ್ಶಿಯ ಮೇಲೇ ದೂರು! ಇದಕ್ಕಿಂತ ಪಾರದರ್ಶಕತೆ ಬೇಕಾ?" ಆಮೇಲೆ ನಿಯಮ ಪುಸ್ತಕ ತೆಗೆದು ಬೆರಳು ಆಡಿಸಿದ. "ಆದ್ರೆ ನಿಮ್ಮ ಮೇಲಿನ ದೂರು ನೀವೇ ವಿಚಾರಣೆ ಮಾಡೋ ಹಾಗಿಲ್ಲ. ಅಧ್ಯಕ್ಷರೇ ಮಾಡ್ಬೇಕು. ಇಲ್ಲಿ ನೋಡಿ, ತೀರ್ಮಾನ ಆಗೋವರೆಗೆ ದೂರು ಕೊಟ್ಟವರೂ ಯಾರ ಮೇಲೆ ಕೊಟ್ಟಿದ್ದಾರೋ ಅವರೂ ಒಬ್ಬರನ್ನೊಬ್ಬರು ಭೇಟಿ ಮಾಡುವಂತಿಲ್ಲ."

"ತೀರ್ಮಾನ ಯಾವಾಗ?"

"ಅವಸರ ಮಾಡೋಕಾಗುತ್ತಾ? ಪಕ್ಕದೂರಿನ ಗಡಿ ತಂಟೆ ನಾನು ತೀರಿಸೋಕೆ ನಾಲ್ಕು ವರ್ಷ ಬೇಕಾಯ್ತು. ಅದರ ಕಥೆ ಹೇಳಿಲ್ವಾ ನಿಮಗೆ? ನಡೀರಿ, ಮನೇಲಿ ಕೂತು ಹೇಳ್ತೀನಿ."

ಸೋಮೋಯೆ ಕೂರುತ್ತಿದ್ದ ಸ್ಟೂಲಿನ ಮೇಲೆ ಅಧ್ಯಕ್ಷ ಕೂತ. ಗಡಿ ತಂಟೆಯ ಮೊದಲನೆಯ ವರ್ಷದ ಮೊದಲನೆಯ ತಿಂಗಳು ಮುಗಿಯುವ ಹೊತ್ತಿಗೆ ಚಹಾ ಕುದಿಯಿತು. ಆರು ವರ್ಷದಿಂದ ಆ ಮನೆಯಲ್ಲಿ ಯಾರೂ ಇಷ್ಟು ಮಾತಾಡಿರಲಿಲ್ಲ, ಶವೇಜಿಗೆ ತಾನು ಇಷ್ಟು ಒಂಟಿ ಎಂದೂ ಅನ್ನಿಸಿರಲಿಲ್ಲ.

ಅಧ್ಯಕ್ಷ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಶುಂಠಿ ಖಾರ ಆಯ್ತು ಮ್ಜೇ. ಎರಡನೇ ಭೇಟಿಗೆ ಸಕ್ಕರೆ ಜಾಸ್ತಿ ಹಾಕಿ."