‘ಇಲ್ಲ’ ನುಂಗುತ್ತಿದ್ದ ಫ್ಯಾನಿನ ಮರುನೇಮಕ ಕೋರಿ

ಇಂದ:
ಬೆರಳಚ್ಚುಗಾರ,
ನೌಕರರ ವಸತಿ ವಿಭಾಗ,
ಹೊರಕೋಣೆ (ಬಾಗಿಲಿಲ್ಲದ್ದು).

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಅದೇ ವಿಭಾಗ,
ಒಳಕೋಣೆ (ಬಾಗಿಲು ಹಾಕಿರುವುದು).

ವಿಷಯ: ತಮ್ಮ ಮೇಜಿನ ಕಂಪ್ಯೂಟರಿಗೆ ಹೊಸದಾಗಿ ಹಾಕಿದ ಸದ್ದಿಲ್ಲದ ಫ್ಯಾನುಗಳನ್ನು ಕಳಚಿ, ಸೇವೆಯಿಂದ ವಜಾ ಆದ ಹಳೆಯ ಫ್ಯಾನನ್ನೇ ಮರಳಿ ನೇಮಿಸುವ ಬಗ್ಗೆ, ಹಾಗೂ ಗುಡಿಸುವ ಅಕ್ಕನ ಮನೆಯ ಬಗ್ಗೆ.

ಉಲ್ಲೇಖ: (ಅ) ‘ಕಿವಿಗೆ ಬಿದ್ದದ್ದನ್ನೆಲ್ಲ ಬಿದ್ದ ಹಾಗೆಯೇ ಟೈಪು ಮಾಡತಕ್ಕದ್ದು, ಸ್ವಂತ ಬುದ್ಧಿ ಉಪಯೋಗಿಸತಕ್ಕದ್ದಲ್ಲ’ ಎಂಬ ತಮ್ಮ ಲಿಖಿತ ಸೂಚನೆ.
(ಆ) ‘ಆ ದರಿದ್ರ ಫ್ಯಾನ್ ಮೊದ್ಲು ಬದಲಾಯಿಸ್ರೀ’ ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ತಲೆಬಾಗಿ (ಬೆರಳಚ್ಚುಗಾರನ ತಲೆ ಕೆಲಸದ ನಿಮಿತ್ತ ಹೇಗೂ ಬಾಗಿಯೇ ಇರುವುದರಿಂದ ಇದಕ್ಕೆ ಪ್ರತ್ಯೇಕ ಶ್ರಮ ಬಿದ್ದಿಲ್ಲ) ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಾವು ಆದೇಶಗಳನ್ನು ಬರೆಯುವುದಿಲ್ಲ, ಹೇಳುತ್ತೀರಿ. ಬಾಗಿಲು ಹಾಕಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ದನಿ ರೆಕಾರ್ಡು ಮಾಡುತ್ತೀರಿ. ಅದು ಹೊರಕೋಣೆಗೆ ಬರುತ್ತದೆ. ಅರ್ಜಿದಾರನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಟೈಪು ಮಾಡುತ್ತಾನೆ, ತಾವು ಸಹಿ ಹಾಕುತ್ತೀರಿ. ನಡುವೆ ಓದುವುದು ಎಂಬ ಹಂತವೊಂದು ಇರಬೇಕಿತ್ತು. ಕೆಲಸದ ಒತ್ತಡದ ಕಾರಣ ಅದನ್ನು ಕೈಬಿಡಲಾಗಿದೆ.

2. ಸದರಿ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಅಂಗೈಗಿಂತ ಚಿಕ್ಕದಾದ ಹಳೆಯ ಫ್ಯಾನೊಂದಿತ್ತು. ಧೂಳು ಮೆತ್ತಿ ಅದಕ್ಕೊಂದು ಕಂಬಳಿಯೇ ಆಗಿತ್ತು. ತಾವು ಮಾತು ಶುರುಮಾಡಿ ಪೆಟ್ಟಿಗೆ ಬಿಸಿಯಾದೊಡನೆ ಅದು ಮೈಮೇಲೆ ಬಂದಂತೆ ಭೋರ್ಗರೆಯುತ್ತಿತ್ತು. ತಮ್ಮ ದನಿಯೋ ವಾಕ್ಯದ ಆರಂಭದಲ್ಲಿ ಗುಡುಗಿ, ಕೊನೆಗೆ ಬರುವಷ್ಟರಲ್ಲಿ ಇಳಿದುಹೋಗುತ್ತದೆ. ನಮ್ಮ ಭಾಷೆಯಲ್ಲಿ ‘ಇಲ್ಲ’ ಎಂಬುದು ವಾಕ್ಯದ ಕೊನೆಯಲ್ಲಿ ಬಂದು ಕೂರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ. ಆದ್ದರಿಂದ ತಾವು ‘ಮಂಜೂರು ಮಾಡಲಾಗುವುದಿಲ್ಲ’ ಎಂದರೆ ‘ಮಂಜೂರು ಮಾಡಲಾಗುವುದು’ ಎಂಬಲ್ಲಿಯವರೆಗೆ ಅರ್ಜಿದಾರನಿಗೆ, ಉಳಿದದ್ದು ಫ್ಯಾನಿಗೆ.

3. ಕಾರಣ, ಡ್ರೈವರಣ್ಣನ ಮನೆಯ ಸೋರುವ ಸೂರು ರಿಪೇರಿಯಾಯಿತು. ಕಾವಲುಗಾರನ ಮನೆಗೆ ಕಿಟಕಿ ಬಂತು. ಕಚೇರಿ ಗುಡಿಸುವ ಅಕ್ಕನ ಗಂಡ ನಲ್ಲಿ ರಿಪೇರಿಯವನಾಗಿ ಕೆಲಸದಲ್ಲಿರುವಾಗಲೇ ತೀರಿಕೊಂಡವನು. ವಿಭಾಗ ಕೊಟ್ಟ ಮನೆ ಅವನ ಹೆಸರಿನಲ್ಲಿತ್ತು. ಅದರಲ್ಲೇ ಇರಲು ಬಿಡಿ ಎಂದು ಅಕ್ಕ ಅರ್ಜಿ ಹಾಕಿದ್ದಕ್ಕೆ ‘ಅವಕಾಶ ನೀಡಲಾಗುವುದು’ ಎಂಬ ಆದೇಶ ತಮ್ಮ ಸಹಿಯೊಂದಿಗೆ ಹೊರಟಿತು. ಅಂದು ಅಕ್ಕ ಪೊರಕೆ ಗೋಡೆಗೆ ಒರಗಿಸಿ ಅರ್ಜಿದಾರನಿಗೆ ಹೇಳಿದ್ದು: “ಸಾಹೇಬ್ರನ್ನ ಇಷ್ಟು ದಿನ ಸುಮ್ನೆ ಮನಸ್ಸಲ್ಲೇ ಬೈಕೊಂಡಿದ್ದೆ ಕಣಪ್ಪಾ. ಒಳ್ಳೆ ಮನುಷ್ಯ.” ಅಂದಿನಿಂದ ತಮ್ಮ ಕೋಣೆಗೆ ಮಧ್ಯಾಹ್ನವೂ ಒಂದು ಸಲ ಪೊರಕೆ ಬೀಳುತ್ತಿರುವುದನ್ನು ತಾವು ಗಮನಿಸಿರಬಹುದು.

4. ‘ನಿನಗೆ ಅನುಮಾನ ಬರಲಿಲ್ಲವೇನಯ್ಯಾ’ ಎಂದು ತಾವು ಕೇಳಬಹುದು. ಉಲ್ಲೇಖ (ಅ) ನೋಡುವುದು. ಹಿಂದೊಮ್ಮೆ ಅರ್ಜಿದಾರನು ಕೇಳಿಸದ ಪದವೊಂದನ್ನು ಊಹಿಸಿ ತುಂಬಿದ್ದಕ್ಕೆ ತಾವು ಇಡೀ ವಿಭಾಗದ ಮುಂದೆ, “ನಿಮ್ ಬುದ್ಧಿ ಮನೇಲಿಟ್ಟು ಬನ್ನಿ” ಎಂದಿದ್ದಿರಿ. ಆದ್ದರಿಂದ ಮನೆಯಲ್ಲಿಟ್ಟು ಬರಲಾಗುತ್ತಿದೆ.

5. ಈ ಕಚೇರಿಗೆ ಜನ ಕೃತಜ್ಞತೆ ಹೇಳಲು ಬರತೊಡಗಿದ್ದೇ ತಮಗೆ ಮೊದಲ ಅನುಮಾನ. ಡ್ರೈವರಣ್ಣ ಕಾರಿನ ಬಾಗಿಲು ತೆಗೆಯುವಾಗ ಕಣ್ಣೊರೆಸಿಕೊಂಡನಂತೆ. ತಾವು ಕಡತ ತರಿಸಿ, ಬಹುಶಃ ಸೇವಾವಧಿಯಲ್ಲಿ ಮೊದಲ ಬಾರಿಗೆ, ಓದಿದಿರಿ. ರೆಕಾರ್ಡನ್ನೂ ಹಾಕಿಸಿ ಕೇಳಿದಿರಿ, ವಾಕ್ಯಗಳ ಕೊನೆಯಲ್ಲಿ ಫ್ಯಾನೇ ಕೇಳಿಸಿತು. ತರುವಾಯ ಉಲ್ಲೇಖ (ಆ) ಹೊರಬಿತ್ತು, ಅದನ್ನು ಕೇಳಿಸಿಕೊಳ್ಳಲು ಹೆಡ್‌ಫೋನು ಬೇಕಾಗಲಿಲ್ಲ.

6. ಸದರಿ ಆದೇಶದಂತೆ ಅರ್ಜಿದಾರನು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದನು. ಅಂಗಡಿಯವರು ಹಳೆಯ ಫ್ಯಾನನ್ನು ಎರಡು ಬೆರಳಲ್ಲಿ ಹಿಡಿದು, “ಚಿಕ್ಕದು ಸಾರ್, ಜೀವ ಹೋಗೋ ಹಾಗೆ ತಿರುಗತ್ತೆ, ಊರಿಗೆಲ್ಲ ಕೇಳೋ ಹಾಗೆ ಕಿರುಚತ್ತೆ, ಗಾಳಿ ಮಾತ್ರ ಅಷ್ಟಕ್ಕಷ್ಟೇ. ದೊಡ್ಡದು ಹಾಕಿ. ನಿಧಾನಕ್ಕೆ ತಿರುಗಿದ್ರೂ ಜಾಸ್ತಿ ಗಾಳಿ ತಳ್ಳತ್ತೆ” ಎಂದರು. ನಮ್ಮ ಮೇಲ್ವಿಚಾರಕರ ಪರಿಚಯ ನಿಮಗೆ ಹೇಗಾಯಿತು ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಮುಂದುವರಿದು ಅವರು, “ಮೂರು ತಂತೀದು ಬೇಡ, ನಾಲ್ಕು ತಂತೀದು ತಗೊಳ್ಳಿ. ಎಷ್ಟು ಜೋರಾಗಿ ತಿರುಗ್ಬೇಕು ಅಂತ ಆ ನಾಲ್ಕನೇ ತಂತೀಲಿ ಹೇಳಿ ಕಳಿಸ್ಬಹುದು. ಹೇಳಿದಷ್ಟೇ ತಿರುಗತ್ತೆ, ಎದುರು ಮಾತಾಡಲ್ಲ” ಎಂದರು. ಅಂಥದ್ದೊಂದನ್ನು ಈ ವಿಭಾಗವು ಬಹುಕಾಲದಿಂದ ಹೊರಕೋಣೆಯಲ್ಲಿ ಇಟ್ಟುಕೊಂಡಿದೆ ಎಂಬುದನ್ನು ಅವರಿಗೆ ತಿಳಿಸಲಾಯಿತು. ಅವರು ನಗಲಿಲ್ಲ, ಚಹಾ ತರಿಸಿದರು.

ಎರಡು ಫ್ಯಾನು ಕೊಂಡದ್ದಾಯಿತು. ಪೆಟ್ಟಿಗೆಯ ಮುಂಭಾಗದ್ದು ಗಾಳಿಯನ್ನು ಒಳಗೆಳೆಯಬೇಕು, ಹಿಂಭಾಗದ್ದು ಬಿಸಿಗಾಳಿಯನ್ನು ಹೊರದಬ್ಬಬೇಕು; ಗಾಳಿ ಯಾವ ಕಡೆಗೆಂದು ಫ್ಯಾನಿನ ಅಂಚಿನಲ್ಲೇ ಬಾಣದ ಗುರುತಿರುತ್ತದೆ. ಆದರೆ ಅಳವಡಿಸುವ ವೇಳೆಗೆ ಮೇಲ್ವಿಚಾರಕರು ಆಗಮಿಸಿ, “ಬಂದ ಗಾಳೀನ ಹೊರಗೆ ಯಾಕ್ರೀ ಬಿಡ್ತೀರಾ? ಎರಡೂ ಒಳಮುಖ ಹಾಕಿ” ಎಂದು ಅಪ್ಪಣೆ ಕೊಡಿಸಿದರು. ಪೆಟ್ಟಿಗೆ ಒಲೆಯಂತೆ ಕಾದು, ತಾವು ಯಾರಿಗೋ ಏನನ್ನೋ ನಿರಾಕರಿಸುತ್ತಿರುವಾಗಲೇ ಆರಿಹೋಯಿತು. ಒಳಬಂದದ್ದು ಹೊರಹೋಗದಿರುವುದು ನಮ್ಮ ಕಡತಗಳಿಗೆ ಒಗ್ಗಿದೆ, ಕಂಪ್ಯೂಟರಿಗೆ ಒಗ್ಗಲಿಲ್ಲ. ಅಂಗಡಿಯವರು ಬಂದು ಹಿಂಭಾಗದ್ದನ್ನು ತಿರುಗಿಸಿ ಹಾಕಿದರು. “ಬಿಸಿ ಏರಿದ ಹಾಗೆ ಸ್ಪೀಡೂ ಮೆಲ್ಲಗೆ ಏರ್ಲಿ, ಇದ್ದಕ್ಕಿದ್ದ ಹಾಗೆ ಹಾರಿದ್ರೇನೇ ಗಲಾಟೆ” ಎನ್ನುತ್ತ ವೇಗವನ್ನೂ ಹೊಂದಿಸಿ ಹೋದರು. ಅಲ್ಲಿಂದ ಮುಂದೆ ತಮ್ಮ ಕೋಣೆಯಲ್ಲಿ ಪೆನ್ನಿನ ಮುಚ್ಚಳ ಬಿದ್ದರೂ ಹೊರಕೋಣೆಯ ಹೆಡ್‌ಫೋನಿಗೆ ಕೇಳಿಸತೊಡಗಿತು.

7. ನಿನ್ನೆ ಬಂದ ರೆಕಾರ್ಡಿನಲ್ಲಿ ಅಕ್ಕನ ಹಿಂದಿನ ಆದೇಶವನ್ನು ತಾವು ರದ್ದುಪಡಿಸಿರುತ್ತೀರಿ. ‘ಅವಕಾಶ ನೀಡಲಾಗುವುದಿಲ್ಲ. ಕೂಡಲೇ ಮನೆ ತೆರವುಗೊಳಿಸತಕ್ಕದ್ದು.’ ‘ಇಲ್ಲ’ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅರ್ಜಿದಾರನ ಸೇವೆಯಲ್ಲಿ ಅದೇ ಮೊದಲು. ಆದರೆ ರೆಕಾರ್ಡು ಅಲ್ಲಿಗೆ ಮುಗಿಯಲಿಲ್ಲ, ನಿಲ್ಲಿಸಲು ತಾವು ಮರೆತಿದ್ದಿರಿ. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ಫೋನಿನಲ್ಲಿ ತಮ್ಮದೇ ದನಿ: “ಏನೋ ಬಾಮೈದ, ಆ ನಲ್ಲಿಯವನ ಮನೆ ಖಾಲಿ ಮಾಡಿಸ್ತಾ ಇದೀನಿ. ನಿನಗೇ ಅದು. ಅವಳ ಕಡೆ ಬಂದು ಕೇಳೋಕೆ ಯಾರಿದಾರೆ? ಗೋಡೆಗೆ ಯಾವ ಬಣ್ಣ ಬೇಕು ನೋಡ್ಕೊ.”

8. ಅದೇ ಹೊತ್ತಿಗೆ ಅಕ್ಕ ಹೊರಕೋಣೆಗೆ ಬಂದು ಅರ್ಜಿದಾರನ ಮೇಜಿನ ಕೆಳಗೆ ಗುಡಿಸುತ್ತಿದ್ದಳು. ಅರ್ಜಿದಾರನು ಕಾಲೆತ್ತಿ ಕುಳಿತನು.

“ನನ್ ಮನೆ ವಿಷ್ಯ ಮತ್ತೆ ಯಾವ್ದೋ ಕಾಗದ ಬರತ್ತಂತಲ್ಲಪ್ಪಾ?”

“ಇನ್ನೂ ಟೈಪ್ ಆಗಿಲ್ಲಕ್ಕಾ.”

“ಟೈಪ್ ಮಾಡೋನು ನೀನೇ ತಾನೆ? ಹಾಗಾದ್ರೆ ಒಳ್ಳೇದೇ ಇರತ್ತೆ ಬಿಡು.”

ಅವಳು ಪಕ್ಕದ ಮೇಜಿಗೆ ಹೋದಳು. ಅರ್ಜಿದಾರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎರಡನ್ನೂ ನಮೂದಿಸಲು ನಿಗದಿತ ನಮೂನೆಯಲ್ಲಿ ಜಾಗವಿಲ್ಲದ ಕಾರಣ ಇಲ್ಲಿ ನಮೂದಿಸಲಾಗಿದೆ.

9. ತರುವಾಯ ಅರ್ಜಿದಾರನು ಉಲ್ಲೇಖ (ಅ)ಕ್ಕೆ ಬದ್ಧನಾಗಿ, ಕಿವಿಗೆ ಬಿದ್ದದ್ದನ್ನೆಲ್ಲ ಬಿದ್ದ ಹಾಗೆಯೇ ಟೈಪು ಮಾಡಿದನು. ಇಲ್ಲ, ತೆರವು, ಬಾಮೈದ, ಬಣ್ಣ, ಎಲ್ಲವೂ ಒಂದೇ ಆದೇಶದಲ್ಲಿ ಬಂದಿವೆ. ಕುರ್ಚಿಯ ಸದ್ದನ್ನು ಹೇಗೆ ಬರೆಯುವುದೆಂದು ತಿಳಿಯದೆ ಬಿಡಲಾಗಿದೆ, ಕ್ಷಮಿಸುವುದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರು ದಯಮಾಡಿ

ಅ) ಅಕ್ಕನು ಈಗಿರುವ ಮನೆಯಲ್ಲೇ ಇರತಕ್ಕದ್ದು ಎಂದು ಹೊಸ ಆದೇಶ ಹೊರಡಿಸಬೇಕಾಗಿಯೂ (ಈ ವಾಕ್ಯದಲ್ಲಿ ‘ಇಲ್ಲ’ ಬರುವುದಿಲ್ಲವಾದ್ದರಿಂದ ಯಾವ ಫ್ಯಾನಾದರೂ ಆದೀತು),

ಆ) ಡ್ರೈವರಣ್ಣನ ಸೂರು, ಕಾವಲುಗಾರನ ಕಿಟಕಿ ಇತ್ಯಾದಿಗಳನ್ನು ಕೀಳಿಸದೆ ಇದ್ದಲ್ಲೇ ಬಿಡಬೇಕಾಗಿಯೂ,

ಇ) ಇನ್ನುಮುಂದೆ ಬರುವ ಅರ್ಜಿದಾರರ ಹಿತದೃಷ್ಟಿಯಿಂದ ಹಳೆಯ ಫ್ಯಾನನ್ನು, ಧೂಳು ಸಹಿತ, ಮರಳಿ ಸೇವೆಗೆ ತೆಗೆದುಕೊಳ್ಳಬೇಕಾಗಿಯೂ

ಕೋರಲಾಗಿದೆ. ಹೊಸ ಫ್ಯಾನುಗಳ ಮೇಲೆ ಅರ್ಜಿದಾರನಿಗೆ ಯಾವ ದ್ವೇಷವೂ ಇಲ್ಲ. ಅವು ತಮ್ಮ ಕೆಲಸವನ್ನು ಬಹಳ ಚೆನ್ನಾಗಿ ಮಾಡಿವೆ.

ಕೇಳಿಸಿದಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
ಬೆರಳಚ್ಚುಗಾರ

ಲಗತ್ತುಗಳು:
1. ಹಳೆಯ ಫ್ಯಾನು (ಕಾಗದದಲ್ಲಿ ಸುತ್ತಿದೆ, ಬಿಚ್ಚುವಾಗ ಮೂಗು ಮುಚ್ಚಿಕೊಳ್ಳುವುದು).
2. ಉಲ್ಲೇಖ (ಅ)ರ ಪ್ರತಿ.
3. ಕ್ರಮಾಂಕ 9ರಲ್ಲಿ ಹೇಳಿದ ಆದೇಶದ ಕಚೇರಿ ಪ್ರತಿ. ಇಂದು ಬೆಳಿಗ್ಗೆ ಸಹಿಯ ಕಟ್ಟಿನಲ್ಲಿ ಒಳಗೆ ಹೋಗಿ, ಎಂದಿನಂತೆ ತಮ್ಮ ಸಹಿಯೊಂದಿಗೆ ಹೊರಬಂದಿರುತ್ತದೆ.

ವಿಶೇಷ ಸೂಚನೆ: ಸದರಿ ಆದೇಶದ ಉಳಿದ ಪ್ರತಿಗಳು ಕೇಂದ್ರ ಕಚೇರಿಗೆ, ಸೂಚನಾ ಫಲಕಕ್ಕೆ ಹಾಗೂ ಅಕ್ಕನಿಗೆ ಹೋಗಬೇಕಾದವು, ಟಪಾಲು ಇಂದು ಸಂಜೆ ಹೊರಡುತ್ತದೆ. ಕಳಿಸಬೇಕೋ ಹರಿಯಬೇಕೋ ಎಂಬ ತಮ್ಮ ಅಪ್ಪಣೆಗಾಗಿ ಅರ್ಜಿದಾರನು ತಮ್ಮ ಬಾಗಿಲ ಹೊರಗೆ ನಿಂತಿದ್ದಾನೆ. ಗಟ್ಟಿಯಾಗಿ ಹೇಳುವ ಅಗತ್ಯವಿಲ್ಲ. ಈಗ ಎಲ್ಲವೂ ಕೇಳಿಸುತ್ತದೆ.